ಕ್ವಾರ್ಟರ್‌ಬ್ಯಾಕ್‌ನ ಪರ ವಾದಿಸುತ್ತಿದ್ದ ಆಂಟಿ

ಅವರ ಬಲಗೈ ಹೆಬ್ಬೆರಳಿನ ಉಗುರು ದಪ್ಪವಾಗಿ, ಹಳದಿಗಟ್ಟಿ, ಒಂದೇ ಪಕ್ಕಕ್ಕೆ ಸವೆದಿತ್ತು. ಹದಿನಾಲ್ಕು ವರ್ಷ ಔಷಧದ ಸೀಸೆಗಳ ಪ್ಲಾಸ್ಟಿಕ್ ಮುಚ್ಚಳದ ಅಂಚನ್ನು ಆ ಉಗುರಿನಿಂದಲೇ ಸವರಿ ನೋಡಿದ್ದರು. ಮುಚ್ಚಳವನ್ನು ಎಡಗೈಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸುವರು. ಉಗುರು ಎಲ್ಲಾದರೂ ತಡೆದರೆ ಸಾಕು, ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಯೊಂದು ಅಲ್ಲಿ ಉಳಿದಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ನಾನು ಭೂತಗನ್ನಡಿ ಹಿಡಿದು ಎರಡು ನಿಮಿಷ ಹುಡುಕಿದರೂ ಸಿಗದ ದೋಷವನ್ನು ಅವರು ಬೇರೆ ಕಡೆ ನೋಡುತ್ತ, ಮಾತನಾಡುತ್ತಲೇ ಹಿಡಿದು ಕೆಂಪು ಡಬ್ಬಿಗೆ ಎಸೆಯುತ್ತಿದ್ದರು. ಆ ಮಾತು ಹತ್ತರಲ್ಲಿ ಒಂಬತ್ತು ಸಲ ಫುಟ್‌ಬಾಲಿನದು. ಅದೂ ಅಮೆರಿಕದ ಫುಟ್‌ಬಾಲ್, ಹೆಸರಿನಲ್ಲಿ ಕಾಲಿದ್ದರೂ ಕೈಗೇ ಹೆಚ್ಚು ಕೆಲಸವಿರುವ ಆಟ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಾನು ಚಿಕಾಗೊ ಹತ್ತಿರದ ಎಲ್ಕ್ ಗ್ರೋವ್ ವಿಲೇಜಿನ ಆ ಮುಚ್ಚಳದ ಕಾರ್ಖಾನೆಗೆ ಸೇರಿದೆ. ಮದುವೆಯಾಗಿ ತುಮಕೂರಿನಿಂದ ಬಂದು ಎಂಟು ತಿಂಗಳಾಗಿತ್ತು. ನನ್ನ ಗಂಡ ತಮ್ಮ ಅಕ್ಕನ ಮೂಲಕ ಗ್ರೀನ್ ಕಾರ್ಡ್ ಪಡೆದು ಬಂದವರು. ಓಹೇರ್ ಏರ್‌ಪೋರ್ಟಿನ ಸರಕು ಗೋದಾಮಿನಲ್ಲಿ ಅವರಿಗೆ ಕೆಲಸ. ನನಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಬರೆಯಲೂ ಬರುತ್ತಿತ್ತು. ಎದುರಿಗೆ ನಿಂತು ಯಾರಾದರೂ ಮಾತನಾಡಿದರೆ ಮಾತ್ರ, ಅರ್ಥವಾಗಲಿ ಬಿಡಲಿ, 'ಎಸ್' ಎಂದುಬಿಡುತ್ತಿದ್ದೆ.

ಮೊದಲ ದಿನವೇ ಮೇಜಿನಿಂದ ಒಂದು ಟ್ರೇ ಕೆಡವಿದೆ. ಐನೂರು ಮುಚ್ಚಳಗಳು ನೆಲದ ತುಂಬ ಉರುಳಿದವು. ನನಗೆ ತಿಳಿಯದಂತೆಯೇ "ಅಯ್ಯೋ ನನ್ ಕರ್ಮ" ಎಂದೆ. ಪಕ್ಕದ ಮೇಜಿನ ಹೆಂಗಸು, ತಲೆಯ ಮೇಲೆ ದುಪಟ್ಟಾ ಹೊದ್ದವರು, ತಿರುಗಿ ಸಹ ನೋಡದೆ ಹೇಳಿದರು:

"ಕರ್ಮ ಅಲ್ಲವ್ವಾ, ಟ್ರೇ ಅಂಚಿಗೆ ಇಟ್ಟಿದ್ದಿ."

ಆ ಕಾರ್ಖಾನೆಯ ಗದ್ದಲದಲ್ಲಿ ಕನ್ನಡ ಕೇಳಿ ನಾನು ನಗಬೇಕೋ ಅಳಬೇಕೋ ತಿಳಿಯದೆ ಕುಕ್ಕರುಗಾಲಲ್ಲಿ ಕೂತೇ ಇದ್ದೆ. ಅವರೂ ಕೂತರು. ಇಬ್ಬರೂ ಸೇರಿ ಮುಚ್ಚಳ ಆರಿಸಿದೆವು. ವಿಜಾಪುರದವರು, ಗಂಡನ ಜೊತೆ ಎಂಬತ್ತರ ದಶಕದ ಮೊದಲಲ್ಲಿ ಬಂದವರು. ಗಂಡ ತೀರಿಹೋಗಿ ಆರು ವರ್ಷ. ಒಬ್ಬಳೇ ಮಗಳು ಡೆಟ್ರಾಯಿಟ್ ಕಡೆ ಓದುತ್ತಿದ್ದಾಳೆ. ಇಷ್ಟನ್ನು ಅವರು ಮುಚ್ಚಳ ಆರಿಸಿ ಮುಗಿಯುವುದರೊಳಗೆ ಹೇಳಿಬಿಟ್ಟರು. ಆವತ್ತಿನಿಂದ ನನಗೆ ಅವರು ಆಂಟಿ.

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಾರು. ಅದನ್ನು ನನ್ನ ಗಂಡ ತೆಗೆದುಕೊಂಡು ಹೋಗುತ್ತಿದ್ದರು. ಬಸ್ಸು ಇಳಿದು ಕಾರ್ಖಾನೆಗೆ ಮುಕ್ಕಾಲು ಮೈಲಿ ನಡೆಯಬೇಕಿತ್ತು. ಇದು ಗೊತ್ತಾದ ಮರುದಿನ ಆಂಟಿಯ ಕಂದು ಬಣ್ಣದ ಹಳೆಯ ಕಾರು ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಬಂದು ನಿಂತಿತು. ಒಳಗೆ ಹೀಟರಿನ ಸದ್ದಿಗಿಂತ ರೇಡಿಯೋದ ಸದ್ದು ಜೋರು. ಯಾರೋ ಇಬ್ಬರು ಗಂಡಸರು ಕಿರುಚಾಡುತ್ತಿದ್ದರು.

"ಯಾಕೆ ಆಂಟಿ ಇವರು ಜಗಳ ಆಡ್ತಿದಾರೆ?"

"ಜಗಳ ಅಲ್ಲವ್ವಾ. ನಿನ್ನೆ ಸೋತ್ವಿ ನಾವು."

"ನಾವು ಅಂದ್ರೆ ಯಾರು?"

"ನಾವು ಅಂದ್ರ ನಾವ. ಚಿಕಾಗೋದಾಗ ಇಲ್ಲೇನ್ ನೀ?"

ಆಂಟಿ ಇಂಗ್ಲಿಷ್ ಕಲಿತದ್ದೇ ಫುಟ್‌ಬಾಲಿನಿಂದ. ಬಂದ ಹೊಸದರಲ್ಲಿ ಟೀವಿಯಲ್ಲಿ ಯಾವ ಕಾರ್ಯಕ್ರಮ ಹಾಕಿದರೂ ತಿಳಿಯುತ್ತಿರಲಿಲ್ಲವಂತೆ. ಆಟದ ವಿವರಣೆ ಹೇಳುವವರು ಮಾತ್ರ ಇವರಿಗೆ ಹಿಡಿಸಿದರು. "ಹೇಳಿದ್ದನ್ನ ಮೂರ್ ಸಲ ಹೇಳ್ತಾರ, ಅದರ ಮ್ಯಾಲೆ ಚಿತ್ರಾ ತಿರುಗಿಸಿ ತಿರುಗಿಸಿ ತೋರಸ್ತಾರ. ಇಂಥಾ ಸಾಲಿ ಎಲ್ಲಿ ಸಿಗತೈತಿ?" ಎನ್ನುತ್ತಿದ್ದರು. ಅವರು ಬಂದ ಕೆಲವೇ ವರ್ಷಗಳಲ್ಲಿ ಚಿಕಾಗೊ ತಂಡ ಎಲ್ಲರನ್ನೂ ಹಿಂದಿಕ್ಕಿ ದೇಶದ ಪ್ರಶಸ್ತಿ ಗೆದ್ದಿತು. ಆ ದಿನ ಅದುವರೆಗೆ ಮಾತನಾಡಿಸದ ಎದುರು ಮನೆಯಾಕೆ ಓಡಿ ಬಂದು ಇವರನ್ನು ತಬ್ಬಿಕೊಂಡಳಂತೆ. ಆಮೇಲೆ ಆ ತಂಡ ಎಷ್ಟು ಸೋತರೂ ಆಂಟಿ ಅದನ್ನು ಬಿಡಲಿಲ್ಲ.

ಭಾನುವಾರ ಒಂದೊಂದು ಸಲ ನನ್ನನ್ನು ಮನೆಗೆ ಕರೆಯುವರು. ನಮ್ಮ ಕಡೆಯವರ ಅಂಗಡಿಗಳಿರುವ ಡೆವನ್ ಅವೆನ್ಯೂದಿಂದ ತಂದ ಚುರಮುರಿಗೆ ಈರುಳ್ಳಿ, ಶೇಂಗಾ, ಹಸಿಮೆಣಸಿನಕಾಯಿ ಕಲಸಿ ದೊಡ್ಡ ಬೋಗುಣಿಯಲ್ಲಿ ಟೀವಿಯ ಮುಂದೆ ಇಟ್ಟು ಆಟ ಕಲಿಸುತ್ತಿದ್ದರು. ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಎಂದು ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. ಅವನನ್ನು ಎದುರಾಳಿಗಳು ಬೀಳಿಸದಂತೆ ಮುಂದೆ ಐದು ಜನ ದಾಂಡಿಗರು ಗೋಡೆಯಂತೆ ನಿಲ್ಲುತ್ತಾರೆ. ಎಲ್ಲರೂ ಚೆಂಡನ್ನು ನೋಡುತ್ತಾರೆ. ಆಂಟಿ ನೋಡುತ್ತಿದ್ದದ್ದು ಆ ಐವರ ಕಾಲುಗಳನ್ನು. ಆ ವರ್ಷ ರಂಜಾನ್ ಡಿಸೆಂಬರಿನಲ್ಲಿ ಬಿದ್ದಿತ್ತು. ನಾಲ್ಕೂಕಾಲರ ಸುಮಾರಿಗೆ ಹೊತ್ತು ಮುಳುಗಿ ಇಫ್ತಾರ್ ಆಗುವಾಗ ಆ ದಿನದ ಎರಡನೆಯ ಆಟ ಇನ್ನೂ ನಡೆಯುತ್ತಿತ್ತು. ಖರ್ಜೂರ ಬಾಯಿಗಿಟ್ಟುಕೊಂಡು, ದುವಾ ಮುಗಿಸಿ, ಅದೇ ಉಸಿರಿನಲ್ಲಿ "ಎಡಕ ನೋಡೋ, ಎಡಕ!" ಎಂದು ಟೀವಿಗೆ ಕೂಗಿದ್ದು ನನಗೆ ಇನ್ನೂ ಕೇಳಿಸುತ್ತದೆ.

ಮುಂದಿನ ವರ್ಷದ ಆಟದ ಋತು ಶುರುವಾದಾಗ ನಮ್ಮ ತಂಡದ ಕ್ವಾರ್ಟರ್‌ಬ್ಯಾಕ್ ಎಡವತೊಡಗಿದ. ಎಸೆದ ಚೆಂಡು ಎದುರಾಳಿಗಳ ಕೈ ಸೇರುತ್ತಿತ್ತು, ಇಲ್ಲವೇ ಎಸೆಯುವ ಮೊದಲೇ ಇವನು ನೆಲಕ್ಕೆ ಬೀಳುತ್ತಿದ್ದ. ಪ್ರತಿ ಸೋಮವಾರ ಊಟದ ಕೋಣೆಯಲ್ಲಿ ಅದೇ ವಿಚಾರಣೆ: ಇವನನ್ನು ಆಡಿಸಬೇಕೇ, ಹೊರಗೆ ಕೂರಿಸಬೇಕೇ?

ಕೂರಿಸಬೇಕೆನ್ನುವವರ ಮುಂದಾಳು ಸೆಟ್ಟರ್. ಯಂತ್ರಗಳನ್ನು ಹೊಂದಿಸುವ ಕೆಲಸದವನಾದ್ದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದೆವು. ಪೋಲೆಂಡಿನವನು, ಬಿಳಿ ಮೀಸೆ, ಐವತ್ತರ ಮೇಲೆ ವಯಸ್ಸು. ಮೇಜಿನ ಮೇಲೆ ಮುಷ್ಟಿಯಿಟ್ಟು ತೀರ್ಪು ಹೇಳುತ್ತಿದ್ದ.

"ಅವನಿಗೆ ಧೈರ್ಯ ಇಲ್ಲ. ಮುಗೀತು. ಹೊಸಬನನ್ನ ಇಳಿಸಿ."

"ಧೈರ್ಯ ಇರದಿದ್ದರೆ ಏಳು ಸಲ ಬಿದ್ದು ಏಳು ಸಲ ಏಳ್ತಿದ್ದನಾ?" ಎಂದರು ಆಂಟಿ ತಮ್ಮ ಇಂಗ್ಲಿಷಿನಲ್ಲಿ. ಅವರ ಮುಂದೆ ತಪಾಸಣೆಯ ಹಾಳೆಯಿತ್ತು. ಕೆಟ್ಟ ಮುಚ್ಚಳಗಳನ್ನು ಎಣಿಸುವಂತೆ ಅದರ ಹಿಂಬದಿಯಲ್ಲಿ ಅವರು ಹಿಂದಿನ ದಿನದ ಆಟದ ಗೀಟು ಎಳೆದಿದ್ದರು. "ಏಳರಲ್ಲಿ ಐದು ಸಲ ಎಡಗಡೆಯಿಂದ ಬಂದು ಬೀಳಿಸಿದರು. ಎಡಗಡೆ ನಿಂತವನಿಗೆ ಮೊಣಕಾಲು ನೋವಿದೆ. ಅವನನ್ನ ಯಾರೂ ಬೈಯ್ಯೋದಿಲ್ಲ, ಯಾಕೆಂದರೆ ಅವನ ಹೆಸರು ಯಾರಿಗೂ ಗೊತ್ತಿಲ್ಲ."

"ನೀನು ತಾಯಿ ಥರ ಮಾತಾಡ್ತೀ."

"ನಾನು ಇನ್‌ಸ್ಪೆಕ್ಟರ್ ಥರ ಮಾತಾಡ್ತೀನಿ."

ಊಟದ ಕೋಣೆ ನಕ್ಕಿತು. ನಮ್ಮ ಶಿಫ್ಟಿನ ಸೂಪರ್‌ವೈಸರ್ ಸಹ ನಕ್ಕ. ಆದರೆ ಆಂಟಿಯ ಪರ ಒಬ್ಬರೂ ಮಾತನಾಡಲಿಲ್ಲ. ಹಿಂದಿನ ದಿನ ಅವರ ಪಕ್ಕದಲ್ಲೇ ಕೂತು, ಆ ಎಡಗಡೆಯವನು ಕಾಲೆಳೆಯುವುದನ್ನು ಕಣ್ಣಾರೆ ಕಂಡಿದ್ದರೂ ನಾನೂ ಆಡಲಿಲ್ಲ.

ಒಂದು ಮಧ್ಯಾಹ್ನ ಅವರು ಕೋಣೆಯ ಗೋಡೆಯ ಫೋನಿನಿಂದ, ಕೇಳುಗರ ಜೊತೆ ಆಟದ ಚರ್ಚೆ ನಡೆಸುವ ಆ ರೇಡಿಯೋ ಕಾರ್ಯಕ್ರಮಕ್ಕೇ ಕರೆ ಮಾಡಿದರು. ಇಪ್ಪತ್ತು ನಿಮಿಷ ಕಾದ ಮೇಲೆ ಸರದಿ ಬಂತು. ಮೂಲೆಯ ರೇಡಿಯೋದಲ್ಲಿ ಅವರ ದನಿ ಕೇಳಿ ಎಲ್ಲರೂ ಚಮಚ ಕೆಳಗಿಟ್ಟರು. ನಿರೂಪಕ ಮೊದಲು ಅವರ ಉಚ್ಚಾರಣೆಗೆ ತಮಾಷೆ ಮಾಡಿದ. ಆಂಟಿ ಅವನು ಮುಗಿಸುವವರೆಗೆ ತಾಳ್ಮೆಯಿಂದ ಕಾದು, "ನಿನ್ನ ನಗು ಮುಗಿಯಿತೇ? ಈಗ ಆಟದ ಎರಡನೆಯ ಕ್ವಾರ್ಟರಿನ ಮೂರನೆಯ ಎಸೆತ ನೆನಪು ಮಾಡಿಕೋ" ಎಂದು ಶುರುಮಾಡಿದರು. ಯಾರು ಎಲ್ಲಿ ನಿಂತಿದ್ದ, ಯಾವ ಕಾಲು ಮೊದಲು ಜಾರಿತು, ಎಲ್ಲವನ್ನೂ ಬಿಡಿಸಿ ಹೇಳಿದರು. ಆಮೇಲೆ ಅವನು, "ಮೇಡಂ, ಮುಂದಿನ ಸೋಮವಾರವೂ ಫೋನ್ ಮಾಡಿ" ಎಂದ. ಸೆಟ್ಟರ್ ಒಬ್ಬನೇ ಚಪ್ಪಾಳೆ ತಟ್ಟಿದ. ತಟ್ಟಿ, "ಆದರೂ ತಪ್ಪು" ಎಂದ.

ಇದಾದ ಮೂರನೆಯ ವಾರ ನನ್ನ ಮೇಲೆ ಆಪತ್ತು ಬಂತು.

ಒಂದು ಔಷಧ ಕಂಪನಿಯಿಂದ ನಮ್ಮ ನಲವತ್ತು ಪೆಟ್ಟಿಗೆ ಹಿಂದಕ್ಕೆ ಬಂದವು. ಮುಚ್ಚಳ ಸೀಸೆಗೆ ಬಿಗಿಯಾಗಿ ಕೂರುತ್ತಿಲ್ಲ. ಪೆಟ್ಟಿಗೆಗಳ ಮೇಲೆಲ್ಲ ನನ್ನ ತಪಾಸಣೆಯ ಮುದ್ರೆ. ಸೂಪರ್‌ವೈಸರ್ ನನ್ನನ್ನು ಕರೆದು ನಿಲ್ಲಿಸಿಕೊಂಡು ವೇಗವಾಗಿ ಏನೇನೋ ಹೇಳಿದ. ನನಗೆ ಅರ್ಥವಾದದ್ದು ಇಷ್ಟು: ಶುಕ್ರವಾರ ನನ್ನ ಕೊನೆಯ ದಿನ. ನಾನು ಅಭ್ಯಾಸದಂತೆ 'ಎಸ್' ಎಂದೆ.

ಸಂಜೆ ಕಾರಿನಲ್ಲಿ ಕೂತ ಮೇಲೆ ಅಳು ತಡೆಯಲಾಗಲಿಲ್ಲ. ಆಂಟಿ ರೇಡಿಯೋ ಬಂದ್ ಮಾಡಿದರು. ನಾನು ಕಂಡಂತೆ ಅವರು ಅದನ್ನು ಬಂದ್ ಮಾಡಿದ್ದು ಅದೇ ಮೊದಲು.

"ಅಳೂದು ಆಮ್ಯಾಲೆ. ಮೊದಲ ನನಗ ಖರೇ ಹೇಳು. ಎಲ್ಲಾ ನೋಡಿ ಮುದ್ರೆ ಹಾಕಿದ್ದಿ?"

"ನೋಡಿದೀನಿ ಆಂಟಿ. ಪ್ರತಿ ಟ್ರೇದಲ್ಲೂ ತೆಗೆದು ಸೀಸೆಗೆ ಹಾಕಿ ನೋಡಿದೀನಿ. ಆಗ ಸರಿಯಾಗಿ ಕೂರ್ತಿತ್ತು."

"ಮುಚ್ಚಳ ಕೈಗೆ ಹೆಂಗ್ ಹತ್ತಿತು?"

ನಾನು ಸ್ವಲ್ಪ ಯೋಚಿಸಿದೆ. "ಬಿಸಿ ಇತ್ತು. ಆ ವಾರ ಎಲ್ಲಾ ಬಿಸಿಬಿಸಿಯಾಗೇ ಬರ್ತಿತ್ತು."

ಆಂಟಿ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. "ಬಿಸಿ ಇತ್ತು ಅಂತ ಯಾರಿಗರ ಹೇಳಿದ್ದೀ?"

"ಇಲ್ಲ."

"ಯಾಕ?"

"ಇಂಗ್ಲಿಷಲ್ಲಿ ಹೇಗೆ ಹೇಳೋದು ಅಂತ... ಅವರು ಏನಾದ್ರೂ ಅಂದ್ಕೊಂಡ್ರೆ..."

ಅವರು ಬೈಯಲಿಲ್ಲ. ಕಾರನ್ನು ಮತ್ತೆ ರಸ್ತೆಗೆ ಹಾಕಿ, ನನ್ನನ್ನು ಮನೆಗೆ ಬಿಟ್ಟರು.

ಮರುದಿನ ಬೆಳಿಗ್ಗೆ ಅವರು ಆ ಯಂತ್ರದಿಂದ ಬಂದ ಮುಚ್ಚಳಗಳಲ್ಲಿ ಎರಡು ಡಜನ್ ತೆಗೆದು, ಒಂದೊಂದನ್ನೂ ಸೀಸೆಗೆ ಹಾಕಿ ನೋಡಿದರು. ಎಲ್ಲ ಬಿಗಿಯಾಗಿ ಕೂತವು. ಅವನ್ನು ಕಾಗದದ ಮೇಲೆ ಸಾಲಾಗಿ ಜೋಡಿಸಿ, ಹೊತ್ತು ಬರೆದು, ತಮ್ಮ ಮೇಜಿನ ಕೆಳಗೆ ಇಟ್ಟರು. ಅದರ ಮರುದಿನ, ಗುರುವಾರ, ಅದೇ ಮುಚ್ಚಳಗಳನ್ನು ಅದೇ ಸೀಸೆಗಳಿಗೆ ಮತ್ತೆ ಹಾಕಿದರು. ಅರ್ಧಕ್ಕರ್ಧ ಕೂರಲಿಲ್ಲ. ಪೂರ್ತಿ ಆರುವ ಮೊದಲೇ ಅಚ್ಚಿನಿಂದ ಹೊರಗೆ ಬಂದದ್ದರಿಂದ ಅವು ಆಮೇಲೆ ಸೊಟ್ಟಗಾಗಿದ್ದವು. ನಾನು ನೋಡಿದಾಗ ಅವು ಸರಿಯಾಗಿಯೇ ಇದ್ದವು.

ಆಂಟಿ ಆ ಕಾಗದವನ್ನು ಹಾಗೆಯೇ ಎತ್ತಿಕೊಂಡು ಊಟದ ಕೋಣೆಗೆ ಬಂದು, ಸೂಪರ್‌ವೈಸರನ ತಟ್ಟೆಯ ಪಕ್ಕದಲ್ಲಿಟ್ಟರು. ಸೀಸೆಗಳನ್ನೂ ಇಟ್ಟರು. "ನೀನೇ ಹಾಕಿ ನೋಡು" ಎಂದರು. ಅವನು ಒಂದು ಹಾಕಿದ, ಎರಡು ಹಾಕಿದ. ಕಿವಿ ಕೆಂಪಗಾಯಿತು.

"ಅಚ್ಚು ಎಷ್ಟು ಹೊತ್ತು ಮುಚ್ಚಿರಬೇಕೋ ಅಷ್ಟು ಹೊತ್ತು ಮುಚ್ಚಿಲ್ಲ" ಎಂದರು ಆಂಟಿ. "ಯಾರೋ ಕಡಿಮೆ ಮಾಡಿದ್ದಾರೆ. ಈ ಹುಡುಗಿ ಅಲ್ಲ."

ಯಂತ್ರದ ಹೊತ್ತು ಹೊಂದಿಸುವವನು ಒಬ್ಬನೇ. ಎಲ್ಲರ ಕಣ್ಣೂ ಸೆಟ್ಟರ್ ಕಡೆ ಹೊರಳಿತು. ಬೇಕೆಂದಿದ್ದರೆ ಆತ ಒಪ್ಪಿಕೊಳ್ಳದೆ ಇರಬಹುದಿತ್ತು; ಹೊತ್ತು ಬದಲಿಸಿದ ಲೆಕ್ಕ ಆತನ ಬಳಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ಆತ ಬ್ರೆಡ್ಡು ಕೆಳಗಿಟ್ಟು, ಮೀಸೆ ಒರೆಸಿಕೊಂಡು ಎದ್ದು ನಿಂತ.

"ನಾನೇ ಕಡಿಮೆ ಮಾಡಿದೆ" ಎಂದ. ಆಮೇಲೆ ಸೂಪರ್‌ವೈಸರನ ಕಡೆ ತಿರುಗಿ, "ನೀನು ದಿನಕ್ಕೆ ಎರಡು ಪೆಟ್ಟಿಗೆ ಹೆಚ್ಚು ಬೇಕು ಅಂದೆ. ನಾನು ಎರಡು ಸೆಕೆಂಡ್ ತೆಗೆದೆ. ಇದರಲ್ಲಿ ಆ ಹುಡುಗಿಯ ತಪ್ಪು ಏನಿದೆ?" ಎಂದ.

ಯಾರೂ ಯಾರ ಮೇಲೂ ಕೂಗಾಡಲಿಲ್ಲ. ಸೂಪರ್‌ವೈಸರ್ ಊಟ ಅರ್ಧಕ್ಕೇ ಬಿಟ್ಟು ಎದ್ದುಹೋದ. ಮಧ್ಯಾಹ್ನ ಮೂರಕ್ಕೆ ನನ್ನ ಮೇಜಿನ ಬಳಿ ಬಂದು, ಈ ಸಲ ನಿಧಾನವಾಗಿ, ಸೋಮವಾರ ಕೆಲಸಕ್ಕೆ ಬಾ ಎಂದ. ತಪ್ಪು ಮಾಡಿದೆ, ಕ್ಷಮಿಸು ಎಂದೂ ಅಂದ.

ಕಾರಿನಲ್ಲಿ ನಾನು ಆಂಟಿಯ ಕೈ ಹಿಡಿದುಕೊಂಡು ಏನೋ ಹೇಳಲು ಹೋದೆ. ಅವರು ಕೈ ಬಿಡಿಸಿಕೊಂಡರು.

"ನಿನ್ನ ತಪ್ಪು ಇಲ್ಲಂತ ಅವರ ಮುಂದ ಹೇಳೀನಿ. ನಿನ್ನ ಮುಂದ ಹೇಳೂದಿಲ್ಲ. ಕೈಗೆ ಬಿಸಿ ಹತ್ತಿತ್ತು ನಿನಗ. ಅಲ್ಲಿ ಇದ್ದವರ ಪೈಕಿ ಗೊತ್ತಿದ್ದಾಕಿ ನೀ ಒಬ್ಬಾಕಿ. ಬಾಯಿ ಬಿಡಲಿಲ್ಲ. ಇಂಗ್ಲಿಷ್ ಬರದಿದ್ರ ಅವರ ಕೈಯಾಗ ಮುಚ್ಚಳ ಇಡಬೇಕಿತ್ತು. ಬಿಸಿಗೆ ಯಾವ ಭಾಷಾ ಬೇಕು?"

ನನ್ನ ಜೀವನದಲ್ಲಿ ಇಷ್ಟು ಪ್ರೀತಿಯಿಂದ ಯಾರೂ ನನ್ನ ತಪ್ಪು ಹೇಳಿರಲಿಲ್ಲ.

ಕ್ವಾರ್ಟರ್‌ಬ್ಯಾಕ್‌ನ ಕತೆ ಹಾಗಾಗಲಿಲ್ಲ. ತಂಡ ಅವನನ್ನು ಕೂರಿಸಿ ಹೊಸಬನನ್ನು ಇಳಿಸಿತು. ಹೊಸಬ ಮೊದಲ ಆಟವನ್ನೇ ಗೆದ್ದ. ಅದೇ ಐವರು ಮುಂದೆ, ಅದೇ ಮೊಣಕಾಲು ನೋವಿನವನು ಎಡಕ್ಕೆ. ಆದರೆ ಹೊಸಬ ಚೆಂಡನ್ನು ಬೇಗ ಬಿಡುತ್ತಿದ್ದ, ಬೀಳಿಸುವವರು ಹತ್ತಿರ ಬರುವ ಮೊದಲೇ. ಸೋಮವಾರ ಸೆಟ್ಟರ್ ಎಲ್ಲರಿಗೂ ಡೋನಟ್ ತಂದ. ಆಂಟಿ ಒಂದು ತಿಂದು, ಫೋನಿನ ಬಳಿ ಹೋದರು. ರೇಡಿಯೋದಲ್ಲಿ ಇಡೀ ಚಿಕಾಗೊ ಕೇಳುವಂತೆ, "ನಾನು ಹೇಳಿದ್ದು ತಪ್ಪಾಯಿತು. ಗೋಡೆ ಕೆಟ್ಟದ್ದು ನಿಜ. ಆದರೆ ಕೆಟ್ಟ ಗೋಡೆಯ ಹಿಂದೆ ಹೇಗೆ ಆಡಬೇಕು ಅಂತ ಈ ಹೊಸಬ ತೋರಿಸಿದ. ಅವನೇ ಇರಲಿ" ಎಂದರು. ಫೋನ್ ಮಾಡಿ ತಪ್ಪೊಪ್ಪಿಕೊಂಡವರನ್ನು ಆ ನಿರೂಪಕ ಅದುವರೆಗೆ ಕಂಡಿರಲಿಲ್ಲವೇನೋ.

ಮುಂದಿನ ಭಾನುವಾರ ಆಂಟಿ ನನ್ನನ್ನು ಕೂರಿಸಿಕೊಂಡು ಒಂದು ಕಾಗದ ಬರೆಸಿದರು. ಕೂರಿಸಲ್ಪಟ್ಟವನಿಗೆ. ಅವರು ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ. "ಮಗಾ, ನಿನಗಿಂತ ಚೆನ್ನಾಗಿ ಆಡುವವನು ಸಿಕ್ಕಿದ್ದಾನೆ. ಅದು ನಿನ್ನ ಅವಮಾನ ಅಲ್ಲ. ನೀನು ಎಷ್ಟು ಸಲ ಬಿದ್ದೆ, ಎಷ್ಟು ಸಲ ಎದ್ದೆ ಎಂದು ನಾನು ಬರೆದಿಟ್ಟಿದ್ದೇನೆ, ಎರಡೂ ಲೆಕ್ಕ ಸಮವಾಗಿವೆ. ಒಮ್ಮೆಯೂ ನೀನು ಎಡಗಡೆಯವನ ಕಡೆ ಬೆರಳು ತೋರಿಸಲಿಲ್ಲ. ಅದನ್ನೂ ನೋಡಿದ್ದೇನೆ." ಉತ್ತರ ಬರಲಿಲ್ಲ. ನಾನು ತಿಂಗಳುಗಟ್ಟಲೆ ಕಾದೆ, ಆಂಟಿ ಕಾಯಲಿಲ್ಲ. "ಮುಟ್ಟಿದ್ರ ಸಾಕವ್ವಾ. ನಾವ್ ಬರದದ್ದು ಅವ ಓದಲಿ ಅಂತ, ಅವ ಬರೀಲಿ ಅಂತಲ್ಲ."

ಕಾಗದ ಬರೆದದ್ದು ನನಗೆ ಇನ್ನೊಂದು ಬಗೆಯಲ್ಲಿ ಫಲ ಕೊಟ್ಟಿತು. ಅದನ್ನು ಓದಿ ನೋಡಿ ಆಂಟಿ, "ಇಷ್ಟ್ ಛಲೋ ಬರೀತಿ, ಮತ್ತ ಮುಚ್ಚಳ ಎಣಿಸ್ಕೋತ ಕೂಡ್ತಿ?" ಎಂದರು. ಮುಂದಿನ ವಾರ ಅವರೇ ಕರೆದುಕೊಂಡು ಹೋಗಿ ಕಮ್ಯುನಿಟಿ ಕಾಲೇಜಿನಲ್ಲಿ ಗುಣಮಟ್ಟ ಪರೀಕ್ಷೆಯ ಕೋರ್ಸಿಗೆ ನನ್ನ ಹೆಸರು ಬರೆಸಿದರು. ಸಂಜೆ ಕ್ಲಾಸು. ಡ್ರೈವಿಂಗ್ ಕಲಿಯದೆ ಗತಿಯಿರಲಿಲ್ಲ. ಅದೇ ಕಂದು ಕಾರಿನಲ್ಲಿ ಅವರೇ ಕಲಿಸಿದರು. ಮೂರು ವರ್ಷದ ಮೇಲೆ ನಾನು ಡೌನರ್ಸ್ ಗ್ರೋವ್‌ನ ಒಂದು ಕಂಪನಿಗೆ ಸೇರಿದಾಗ, ಇಂಟರ್‌ವ್ಯೂನಲ್ಲಿ ಏನೇನು ಕೇಳಿದರು ಎಂದು ಆಂಟಿ ಪ್ರತಿ ಪ್ರಶ್ನೆಯನ್ನೂ ಎರಡೆರಡು ಸಲ ಹೇಳಿಸಿಕೊಂಡರು.

ಅಷ್ಟರಲ್ಲಿ ಅವರ ಮಗಳಿಗೆ ಮದುವೆಯಾಗಿ, ಮಗುವಾಗಿ, ಅವಳು ಡೆಟ್ರಾಯಿಟ್ ಪಶ್ಚಿಮಕ್ಕೆ ಮನೆ ಮಾಡಿದ್ದಳು. ಆಂಟಿಯ ಕಿಡ್ನಿ ಕೈಕೊಟ್ಟಾಗ ಅವಳು ಹಟ ಮಾಡಿ ಕರೆದುಕೊಂಡು ಹೋದಳು. ಹೋದ ತಿಂಗಳಲ್ಲೇ ಆಂಟಿಯ ಫೋನ್ ಬಂತು. "ಇಲ್ಲೀ ಟೀಮ್ ನೋಡಿದ್ನವ್ವಾ. ಭಾಳ ಕೆಲಸ ಐತಿ."

ಡೆಟ್ರಾಯಿಟ್ ತಂಡ ಇಡೀ ಋತುವಿನಲ್ಲಿ ಒಂದು ಆಟವನ್ನೂ ಗೆಲ್ಲದ ವರ್ಷ ನಾವು ಅವರ ಮನೆಗೆ ಹೋದೆವು. ಕಾರು ಕಂಪನಿಗಳೆಲ್ಲ ಕುಸಿಯುತ್ತಿದ್ದ ಚಳಿಗಾಲ ಅದು. ಬೀದಿಯಲ್ಲಿ ಮೂರು ಮನೆಗೊಂದರ ಮುಂದೆ ಮಾರಾಟದ ಬೋರ್ಡು. ಆಂಟಿಯ ಅಳಿಯ ಬೆಳಗಾವಿ ಕಡೆಯವರು, ಕಾರಿನ ಸೀಟುಗಳ ವಿನ್ಯಾಸ ಮಾಡುವ ಎಂಜಿನಿಯರ್. ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಊಟಕ್ಕೂ ಕೆಳಗೆ ಬರುವುದಿಲ್ಲ, ಮೇಲಿನ ಕೋಣೆಯ ಬಾಗಿಲು ಹಾಕಿಕೊಂಡೇ ಇರುತ್ತಾರೆ ಎಂದು ಮಗಳು ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಹೇಳಿದಳು. ಆಂಟಿ ಬಹಳ ಇಳಿದುಹೋಗಿದ್ದರು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಟೀವಿಯ ಮುಂದೆ ಶಾಲು ಹೊದ್ದು ಕೂತಿದ್ದರು, ಪಕ್ಕದಲ್ಲಿ ಚುರಮುರಿ ಬೋಗುಣಿ; ಅವರು ತಿನ್ನುವಂತಿಲ್ಲ, ನಮಗಾಗಿ ಮಾಡಿಸಿದ್ದು.

ಆಟ ಶುರುವಾದ ಸ್ವಲ್ಪ ಹೊತ್ತಿಗೆ ಆಂಟಿ ದೊಡ್ಡ ದನಿಯಲ್ಲಿ, ಮೇಲಿನ ಕೋಣೆಗೆ ಕೇಳುವಂತೆ, ಹೇಳಿದರು: "ಇನ್ನೂ ಒಂದ್ ಚಾನ್ಸ್ ಐತಿ ಬಿಡು. ಐದ್ ಇರತಾವಲ್ಲ."

ನಾನು ಬೆರಗಾದೆ. ನಾಲ್ಕು ಎಂದು ನನಗೆ ಕಲಿಸಿದವರೇ ಅವರು. ಮಾತನಾಡಲು ಬಾಯಿ ತೆರೆದರೆ ಮೊಣಕೈಯಿಂದ ತಿವಿದರು.

ಮೇಲಿನಿಂದ ದನಿ ಬಂತು. "ನಾಕು, ಅಮ್ಮೀ! ನಾಕು!"

"ಏನಂತಿ? ಕೇಳಸವಲ್ದು. ಈ ಕ್ವಾರ್ಟರ್‌ಬ್ಯಾಕ್ ಭಾರಿ ಛಲೋ ಆಡಾಕತ್ತಾನ, ಹೌದಲ್ಲ?"

ಬಾಗಿಲು ತೆರೆದ ಸದ್ದು, ಮೆಟ್ಟಿಲ ಮೇಲೆ ಹೆಜ್ಜೆ. ಗಡ್ಡ ಬಿಟ್ಟ, ಮುದುಡಿದ ಶರ್ಟಿನ ಅಳಿಯ ಇಳಿದು ಬಂದು ಟೀವಿಯ ಮುಂದೆ ನಿಂತರು. "ಛಲೋ? ಇವನ್ನ ಇವತ್ತ ತೆಗೀಬೇಕು ಅಮ್ಮೀ. ಗೆರೆ ದಾಟಿ ಹೊರಗ ಹೋದದ್ದೂ ಗೊತ್ತಾಗಂಗಿಲ್ಲ ಇವಗ." ಆಂಟಿ ಒಪ್ಪಲಿಲ್ಲ. ವಾದ ಹತ್ತಿತು. ಅಳಿಯ ಸೋಫಾದ ತುದಿಗೆ ಕೂತರು, ಆಮೇಲೆ ಪೂರ್ತಿ ಕೂತರು, ಆಮೇಲೆ ಬೋಗುಣಿಗೆ ಕೈ ಹಾಕಿದರು. ಪುಟ್ಟ ಮಗಳು ಬಂದು ಅವರ ತೊಡೆ ಏರಿದಳು. ತಂಡ ಎಂದಿನಂತೆ ಸೋತಿತು. ಆಟ ಮುಗಿದರೂ ಅವರು ಮೇಲೆ ಹೋಗಲಿಲ್ಲ. ನಮ್ಮ ಜೊತೆ ಊಟಕ್ಕೆ ಕೂತರು.

ಹೊರಡುವಾಗ ನಮ್ಮ ಚೀಲ ಕಾರಿಗೆ ಇಡುತ್ತ ಅವರು ನನಗೆ ಮೆಲ್ಲಗೆ ಹೇಳಿದರು. "ಅಮ್ಮೀಗೆ ರೂಲ್ಸ್ ಎಲ್ಲಾ ಗೊತ್ತದಾವ್ರಿ. ಬೇಕಂತ ತಪ್ಪು ಹೇಳ್ತಾರ. ಆದ್ರೂ ಇಳದು ಬರಲಾರದ ಇರಾಕಾಗಂಗಿಲ್ಲ."

ಭಾನುವಾರ ಇಳಿದು ಬಂದವರು ನಿಧಾನವಾಗಿ ಸೋಮವಾರವೂ ಬಂದರು. ಆಂಟಿ ಅವರನ್ನು ಎದುರಿಗೆ ಕೂರಿಸಿಕೊಂಡು, ಡಯಾಲಿಸಿಸ್ ಕುರ್ಚಿ ಬೆನ್ನಿಗೆ ಎಲ್ಲಿ ಒತ್ತುತ್ತದೆ, ಸೀಟು ಮಾಡುವವರು ಅದನ್ನು ಯಾಕೆ ಸರಿಮಾಡಬಾರದು ಎಂದು ಕೇಳುತ್ತ ಹೋದರಂತೆ. ಆ ಮಾತು ಅವರ ತಲೆಯಲ್ಲಿ ಉಳಿಯಿತು. ಕಾರುಗಳನ್ನು ಬಿಟ್ಟು, ಆಸ್ಪತ್ರೆಯ ಮಂಚ ಕುರ್ಚಿ ಮಾಡುವ ಕಂಪನಿಗಳಿಗೆ ಅರ್ಜಿ ಹಾಕಿದರು. ವಸಂತದಲ್ಲಿ ಒಂದು ಕಡೆ ಕೆಲಸ ಸಿಕ್ಕಿತು. ಆ ಸುದ್ದಿ ಹೇಳಲು ಫೋನ್ ಮಾಡಿದಾಗ ಆಂಟಿಯ ದನಿ ತುಂಬ ಸಣ್ಣಗಾಗಿತ್ತು, ಆದರೆ ಖುಷಿಯಾಗಿತ್ತು. ಡೆಟ್ರಾಯಿಟ್ ತಂಡ ಹೊಸ ಕ್ವಾರ್ಟರ್‌ಬ್ಯಾಕ್ ಒಬ್ಬನನ್ನು ಆರಿಸಿತ್ತು, ಕಾಲೇಜಿನಿಂದ ಆಗಷ್ಟೇ ಬಂದವನು. "ಸಣ್ಣ ವಯಸ್ಸು ಅಂತ. ಶುರುವಿಗೆ ಬೀಳ್ತಾನ. ಒಂದ್ ವರ್ಷ ಯಾರೂ ಅವನಿಗೆ ಏನೂ ಅನಬಾರದು ನೋಡು" ಎಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ಆಟದ ಋತು ಶುರುವಾಗುವ ಮೊದಲೇ, ಬೇಸಿಗೆಯ ಒಂದು ಬೆಳಿಗ್ಗೆ, ಫಜರ್ ನಮಾಜಿನ ನಂತರ ಅವರು ಹೋದರು.

ಸುದ್ದಿ ತಿಳಿದು ನಾನು ಮೊದಲು ಫೋನ್ ಮಾಡಿದ್ದು ಸೆಟ್ಟರ್‌ಗೆ. ನಿವೃತ್ತನಾಗಿದ್ದ, ಕಿವಿ ಮಂದವಾಗಿತ್ತು. ಎರಡು ಸಲ ಹೇಳಬೇಕಾಯಿತು. "ನನ್ನನ್ನು ಕರೆದುಕೊಂಡು ಹೋಗು" ಎಂದ. ನನ್ನ ಗಂಡ, ನಾನು, ಆತ, ಮೂವರೂ ಹೊರಟೆವು. ನಾಲ್ಕೂವರೆ ಗಂಟೆಯ ದಾರಿಯಲ್ಲಿ ಬಹುಪಾಲು ನಾನೇ ಕಾರು ಓಡಿಸಿದೆ. ಮಧ್ಯಾಹ್ನದ ನಮಾಜಿನ ನಂತರ ಮಣ್ಣು. ಸೆಟ್ಟರ್ ತನ್ನ ಒಳ್ಳೆಯ ಕೋಟು ಹಾಕಿಕೊಂಡು, ಸಾಲಿನ ಹಿಂದೆ ತಲೆ ಬಾಗಿಸಿ ನಿಂತಿದ್ದ. ಸರದಿ ಬಂದಾಗ ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿದ.

ಮನೆಗೆ ಬಂದು ಎಲ್ಲರೂ ಕೂತೆವು. ಚಹ ಬಂತು. ಚಹ ಹೀರುತ್ತ ಸೆಟ್ಟರ್ ಅಳಿಯನನ್ನು, ನಿಮ್ಮ ತಂಡದ ಹೊಸ ಹುಡುಗ ಹೇಗೆ ಎಂದು ಕೇಳಿದ. ಅಳಿಯ, ಪರವಾಗಿಲ್ಲ, ಆದರೆ ಈ ವರ್ಷವೇ ಇಳಿಸಬಾರದು, ಕೂತು ಕಲಿಯಲಿ ಎಂದರು. ಸೆಟ್ಟರ್ ಒಪ್ಪಲಿಲ್ಲ. ಮೇಜಿನ ಮೇಲೆ ಮುಷ್ಟಿ ಇಟ್ಟ. ಇಬ್ಬರ ದನಿಯೂ ಏರಿತು. ಆಂಟಿಯ ಮಗಳು ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು, ಅಳುತ್ತಲೇ ನಗತೊಡಗಿದಳು.

ನಾನು ಎರಡು ನಿಮಿಷ ಕೇಳಿದೆ. ಇಬ್ಬರೂ ಹುಡುಗನ ತೋಳಿನ ಬಗ್ಗೆಯೇ ಮಾತನಾಡುತ್ತಿದ್ದರು. ಅವನ ಮುಂದೆ ನಿಲ್ಲುವವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ನಾನು ಲೋಟ ಕೆಳಗಿಟ್ಟು, ಇಬ್ಬರಿಗೂ ಅರ್ಥವಾಗಲೆಂದು ಇಂಗ್ಲಿಷಿನಲ್ಲಿ, ಇಬ್ಬರಿಗಿಂತ ಜೋರಾಗಿ, "ಒಂದು ನಿಮಿಷ, ನಾನು ಹೇಳುವುದನ್ನು ಕೇಳಿ" ಎಂದೆ. ಇಬ್ಬರೂ ತಿರುಗಿ ನೋಡಿದರು. ಸೆಟ್ಟರ್ ಮಂದ ಕಿವಿಯ ಹಿಂದೆ ಕೈಯಿಟ್ಟುಕೊಂಡು ಮುಂದಕ್ಕೆ ಬಾಗಿದ. ನಾನು ಹೇಳತೊಡಗಿದೆ.